ಕರಿ ಅಂಗಿ, ಹಸಿರು ಅಂಗಿ ಮತ್ತು ಒಂದು ಸ್ಥಾನದ ಬಹುಮತ

1981ರ ನವೆಂಬರ್ 28, ಶನಿವಾರ. ಮುಂಬಯಿಯ ವಾಂಖೆಡೆ ಅಂಗಳದಲ್ಲಿ ಭಾರತ–ಇಂಗ್ಲೆಂಡ್ ಟೆಸ್ಟ್ ಪಂದ್ಯದ ಎರಡನೆಯ ದಿನ. ಆ ಸರಣಿ ನಡೆಯುತ್ತದೆಯೋ ಇಲ್ಲವೋ ಎಂಬುದೇ ಕೆಲವು ವಾರಗಳ ಹಿಂದೆ ಅನುಮಾನವಾಗಿತ್ತು. ಇಂಗ್ಲೆಂಡ್ ತಂಡದಲ್ಲಿದ್ದ ಜೆಫ್ರಿ ಬಾಯ್ಕಾಟ್ ಮತ್ತು ಜೆಫ್ ಕುಕ್ ವರ್ಣಭೇದದ ದಕ್ಷಿಣ ಆಫ್ರಿಕಾದಲ್ಲಿ ಕ್ರಿಕೆಟ್ ಆಡಿ ಬಂದವರು. ಇಂದಿರಾ ಗಾಂಧಿ ಸರ್ಕಾರ ಹಿಂದು ಮುಂದು ನೋಡಿ ಕೊನೆಗೆ ಒಪ್ಪಿಗೆ ಕೊಟ್ಟಿತು. ಕೊಡದೇ ಇದ್ದಿದ್ದರೆ ಡಿಸೆಂಬರ್‌ನಲ್ಲಿ ಬೆಂಗಳೂರಿನ ಜನ ಗವಾಸ್ಕರ್ ಅವರ 172 ರನ್ನುಗಳನ್ನು ನೋಡುತ್ತಿರಲಿಲ್ಲ. ಜನವರಿಯಲ್ಲಿ ಮದ್ರಾಸಿನಲ್ಲಿ ನಮ್ಮ ವಿಶ್ವನಾಥ್ ಹೊಡೆದ 222 ಕೂಡ ಇರುತ್ತಿರಲಿಲ್ಲ.

ಅದೇ ಶನಿವಾರ ಭೂಮಿಯ ತೆಂಕಣ ಅಂಚಿನಲ್ಲಿ, ಮೂವತ್ತೊಂದು ಲಕ್ಷ ಚಿಲ್ಲರೆ ಜನರ ಪುಟ್ಟ ದೇಶ ನ್ಯೂಜಿಲೆಂಡ್, ಮತ ಹಾಕುತ್ತಿತ್ತು. ಇಲ್ಲಿ ಸರ್ಕಾರಿ ಕಡತವೊಂದರಲ್ಲಿ ಬಗೆಹರಿದ ಪ್ರಶ್ನೆ ಅಲ್ಲಿ ಇಡೀ ಚಳಿಗಾಲ ಬೀದಿಗಿಳಿದಿತ್ತು. ದಕ್ಷಿಣ ಆಫ್ರಿಕಾದ ರಗ್ಬಿ ತಂಡ ಬಂದು 56 ದಿನ ದೇಶ ಸುತ್ತಿ ಹೋಗಿ ಇನ್ನೂ ಮೂರು ತಿಂಗಳು ತುಂಬಿರಲಿಲ್ಲ. ಅಣ್ಣ ತಮ್ಮಂದಿರ ನಡುವೆ ಮಾತು ನಿಂತಿತ್ತು. ಪೊಲೀಸರ ಲಾಠಿಯೇಟಿನ ಗಾಯಗಳು ಕೆಲವರ ತಲೆಯ ಮೇಲೆ ಇನ್ನೂ ಮಾಸಿರಲಿಲ್ಲ. ಆ ರಾತ್ರಿ ಎಣಿಕೆ ಸಾಗಿದಂತೆ, ಪ್ರಧಾನಿ ರಾಬರ್ಟ್ ಮುಲ್ಡೂನ್ ಅವರ ನ್ಯಾಷನಲ್ ಪಕ್ಷ ಉಳಿಯುವುದೋ ಉರುಳುವುದೋ ಎಂಬುದು ಬೆರಳೆಣಿಕೆಯ ಕ್ಷೇತ್ರಗಳಿಗೆ ಬಂದು ನಿಂತಿತು.

ಈ ಕಥೆಯನ್ನು ಸಾಮಾನ್ಯವಾಗಿ ಮುಲ್ಡೂನ್ ಎಂಬ ಒಬ್ಬ ಒರಟು ನಾಯಕನ ಕಥೆಯಾಗಿ ಹೇಳುತ್ತಾರೆ. ನನಗೆ ಅದು ಸಾಲದು ಅನ್ನಿಸುತ್ತದೆ. ಎದುರಾಳಿಯನ್ನು ಸೋಲಿಸಬೇಕೆಂಬ ಹಂಬಲಕ್ಕೆ ಒಂದು ದೇಶ ಅರುವತ್ತು ವರ್ಷ ಏನನ್ನು ಬೆಲೆಯಾಗಿ ತೆತ್ತಿತು, ಆ ಬೆಲೆಯನ್ನು ಯಾರಿಂದ ವಸೂಲು ಮಾಡಿತು ಎನ್ನುವುದು ಇದರ ತಿರುಳು. ತೆತ್ತವರು ಮಾವೋರಿಗಳು, ಆ ನೆಲದ ಮೂಲನಿವಾಸಿಗಳು. ವಸೂಲಿಯಲ್ಲಿ ಎರಡೂ ಪಕ್ಷಗಳಿಗೆ ಪಾಲಿತ್ತು.

ನ್ಯೂಜಿಲೆಂಡಿಗೆ ರಗ್ಬಿ ಬರೀ ಆಟವಲ್ಲ. ಕುರಿ ಮಂದೆ, ಹೈನುಗಾರಿಕೆ, ಚದುರಿದ ಊರುಗಳ ಆ ದೇಶದಲ್ಲಿ ಶನಿವಾರ ಮಧ್ಯಾಹ್ನ ಜನ ಒಂದೆಡೆ ಸೇರುತ್ತಿದ್ದುದೇ ರಗ್ಬಿ ಬಯಲಿನ ಅಂಚಿನಲ್ಲಿ. ಕರಿ ಅಂಗಿಯ ರಾಷ್ಟ್ರೀಯ ತಂಡ 'ಆಲ್ ಬ್ಲ್ಯಾಕ್ಸ್' 1905ರಲ್ಲಿ ಬ್ರಿಟನ್ನಿಗೆ ಹೋಗಿ ಎದುರಾದವರನ್ನೆಲ್ಲ ಹೆಚ್ಚುಕಡಿಮೆ ಹೊಸಕಿ ಬಂದಿತ್ತು. ಜಗತ್ತಿನಲ್ಲಿ ಅವರಿಗೆ ಸರಿಸಮವಾದ ತಂಡವೆಂದರೆ ಒಂದೇ: ಹಸಿರು ಅಂಗಿಯ ದಕ್ಷಿಣ ಆಫ್ರಿಕಾ, ಅಂದರೆ 'ಸ್ಪ್ರಿಂಗ್‌ಬಾಕ್ಸ್'. 1921ರಲ್ಲಿ ಹಸಿರು ಅಂಗಿ ಮೊದಲ ಬಾರಿ ನ್ಯೂಜಿಲೆಂಡಿಗೆ ಬಂದಾಗ ಇಬ್ಬರೂ ಒಂದೊಂದು ಟೆಸ್ಟ್ ಗೆದ್ದರು. ಮೂರನೆಯದು ಕೆಸರಿನಲ್ಲಿ ಸೊನ್ನೆ–ಸೊನ್ನೆಗೆ ಮುಗಿಯಿತು. ಬಗೆಹರಿಯದ ಆ ಲೆಕ್ಕವೇ ಹಗೆಯನ್ನು ಬೆಳೆಸಿತು.

ಅದೇ ಪ್ರವಾಸದಲ್ಲಿ ನೇಪಿಯರ್ ಪಟ್ಟಣದಲ್ಲಿ ಸ್ಪ್ರಿಂಗ್‌ಬಾಕ್ಸ್ ಮಾವೋರಿ ತಂಡವನ್ನು 9–8ರಿಂದ ಸೋಲಿಸಿತು. ಬಿಳಿಯರು ಕಂದು ಬಣ್ಣದವರನ್ನು ಹುರಿದುಂಬಿಸುತ್ತ ಬಿಳಿಯರ ವಿರುದ್ಧವೇ ಕೂಗುವುದನ್ನು ಕಂಡು, ಪ್ರವಾಸಿ ತಂಡದೊಂದಿಗೆ ಬಂದಿದ್ದ ಪತ್ರಕರ್ತನೊಬ್ಬ ಅಸಹ್ಯದಿಂದ ತನ್ನ ದೇಶಕ್ಕೆ ತಂತಿ ಕಳಿಸಿದ. ತಂತಿಯ ಸುದ್ದಿ ಸೋರಿ ನ್ಯೂಜಿಲೆಂಡ್ ಪತ್ರಿಕೆಗಳಲ್ಲಿ ಬಂತು. ಜನ ಕೆರಳಿದರು. ಕೆರಳಿದ್ದು ನಿಜ, ಆದರೆ ಏಳು ವರ್ಷಗಳ ಬಳಿಕ ಆಲ್ ಬ್ಲ್ಯಾಕ್ಸ್ ಮೊದಲ ಬಾರಿ ದಕ್ಷಿಣ ಆಫ್ರಿಕಾಕ್ಕೆ ಹೊರಟಾಗ ತಂಡದಲ್ಲಿ ಒಬ್ಬ ಮಾವೋರಿಯೂ ಇರಲಿಲ್ಲ. ಜಾರ್ಜ್ ನೇಪಿಯಾ ಇರಲಿಲ್ಲ! 1924–25ರಲ್ಲಿ ಬ್ರಿಟನ್, ಫ್ರಾನ್ಸ್ ಸುತ್ತಿದ ತಂಡದ ಪ್ರತಿಯೊಂದು ಪಂದ್ಯವನ್ನೂ ಆಡಿದ, ಹತ್ತೊಂಬತ್ತರ ಹರೆಯದಲ್ಲೇ ದಂತಕಥೆಯಾದ ಆಟಗಾರ ಆತ. ಆತಿಥೇಯರು ಬೇಡ ಎಂದರು, ನ್ಯೂಜಿಲೆಂಡ್ ರಗ್ಬಿ ಯೂನಿಯನ್ ತಲೆಬಾಗಿತು. ವರ್ಣಭೇದ ನೀತಿ ದಕ್ಷಿಣ ಆಫ್ರಿಕಾದಲ್ಲಿ ಅಧಿಕೃತ ಸರ್ಕಾರಿ ನೀತಿಯಾಗುವುದಕ್ಕೆ ಇನ್ನೂ ಇಪ್ಪತ್ತು ವರ್ಷವಿತ್ತು ಎಂಬುದನ್ನು ಇಲ್ಲಿ ನೆನೆಯಬೇಕು. ತನ್ನ ಮನೆಯ ಮಗನನ್ನು ಬಿಟ್ಟು ಹೋಗಲು ನ್ಯೂಜಿಲೆಂಡಿಗೆ ಹೊರಗಿನ ಕಾನೂನು ಬೇಕಾಗಲಿಲ್ಲ. ಪಂದ್ಯ ತಪ್ಪಬಾರದು ಎಂಬ ಆಸೆಯೇ ಸಾಕಾಯಿತು.

1949ರಲ್ಲಿ ಮತ್ತೆ ಅದೇ ಆಯಿತು. ಈ ಸಲ ಅದರ ಹೊಲಸು ಇನ್ನೂ ಹೆಚ್ಚು, ಯಾಕೆಂದರೆ ನಡುವೆ ಮಹಾಯುದ್ಧ ಬಂದು ಹೋಗಿತ್ತು. ಮಾವೋರಿ ಬೆಟಾಲಿಯನ್ ಗ್ರೀಸ್, ಕ್ರೀಟ್, ಉತ್ತರ ಆಫ್ರಿಕಾ, ಇಟಲಿಯಲ್ಲಿ ರಕ್ತ ಚೆಲ್ಲಿ ಬಂದಿತ್ತು. ಮಾಜಿ ಸೈನಿಕರ ಸಂಘದ ಅಧ್ಯಕ್ಷರಾಗಿದ್ದ ದಂಡನಾಯಕ ಹೋವರ್ಡ್ ಕಿಪ್ಪನ್‌ಬರ್ಗರ್, ಮಾವೋರಿಗಳನ್ನು ಬಿಟ್ಟು ತಂಡ ಕಳಿಸುವುದು ತಪ್ಪೆಂದು ಬಹಿರಂಗವಾಗಿ ಹೇಳಿದರು. ಯಾರೂ ಕಿವಿಗೊಡಲಿಲ್ಲ. ವಿನ್ಸ್ ಬೆವನ್, ಜಾನಿ ಸ್ಮಿತ್‌ರಂಥ ಮಾವೋರಿ ಆಟಗಾರರನ್ನು ಮನೆಯಲ್ಲಿ ಬಿಟ್ಟು ಹೋದ ತಂಡ ನಾಲ್ಕಕ್ಕೆ ನಾಲ್ಕೂ ಟೆಸ್ಟ್ ಸೋತು ಬಂತು. ಆ ಸೋಲಿನ ಉರಿ ಏಳು ವರ್ಷ ಆರಲಿಲ್ಲ. 1956ರಲ್ಲಿ ಸ್ಪ್ರಿಂಗ್‌ಬಾಕ್ಸ್ ಬಂದಾಗ ಅಂಗಡಿ ಮುಂಗಟ್ಟುಗಳಿಗೆ, ಹೊಲ ಮನೆಗಳಿಗೆ ಬೇರೆ ಮಾತೇ ಇರಲಿಲ್ಲ. ಆಕ್ಲೆಂಡಿನ ಈಡನ್ ಪಾರ್ಕ್‌ನಲ್ಲಿ ನಾಲ್ಕನೆಯ ಟೆಸ್ಟ್ ನೋಡಲು 61 ಸಾವಿರ ಜನ ಕಿಕ್ಕಿರಿದರು. 3–1ರಿಂದ ಕರಿ ಅಂಗಿ ಗೆದ್ದಾಗ ದೇಶವೇ ಬೆನ್ನು ನೆಟ್ಟಗೆ ಮಾಡಿಕೊಂಡಿತು. ಮುಂದೆ ನಡೆದದ್ದನ್ನು ಅರಿಯಬೇಕಾದರೆ ಈ ಹಿಗ್ಗನ್ನೂ ಗೌರವದಿಂದಲೇ ನೋಡಬೇಕು. ಕೂಗಿದವರೆಲ್ಲ ಕೆಟ್ಟವರಾಗಿರಲಿಲ್ಲ. ಅವರಿಗೆ ಅದು ಬದುಕಿನ ದೊಡ್ಡ ಸಂಭ್ರಮವಾಗಿತ್ತು. ಅದನ್ನು ಕಸಿದುಕೊಳ್ಳಲು ಬರುವವನು ಯಾರೇ ಆಗಲಿ, ಅವನಿಗೆ ಮತ ಬೀಳುವುದಿಲ್ಲ ಎಂಬುದು ರಾಜಕಾರಣಿಗಳಿಗೆ ಅಂದೇ ತಿಳಿಯಿತು.

1960ರಲ್ಲಿ ಅಧಿಕಾರದಲ್ಲಿದ್ದುದು ಲೇಬರ್ ಪಕ್ಷ, ಪ್ರಧಾನಿ ವಾಲ್ಟರ್ ನ್ಯಾಶ್. ಮಾವೋರಿಗಳಿಗೆ ಮೀಸಲಾದ ಕ್ಷೇತ್ರಗಳೆಲ್ಲ ಲೇಬರ್ ಕೈಯಲ್ಲಿದ್ದವು. ಆಲ್ ಬ್ಲ್ಯಾಕ್ಸ್ ಮತ್ತೆ ಬಿಳಿಯರ ತಂಡ ಕಟ್ಟಿ ಹೊರಡುವುದಾದಾಗ, ಮಾವೋರಿಗಳಿಲ್ಲದೆ ಪ್ರವಾಸವೂ ಬೇಡ ಎಂಬ ಮನವಿಗೆ ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು. ಅದೇ ವರ್ಷದ ಮಾರ್ಚ್‌ನಲ್ಲಿ ದಕ್ಷಿಣ ಆಫ್ರಿಕಾದ ಶಾರ್ಪ್‌ವಿಲ್‌ನಲ್ಲಿ ಪೊಲೀಸರು ಗುಂಡು ಹಾರಿಸಿ 69 ಕಪ್ಪು ಜನರನ್ನು ಕೊಂದಿದ್ದರು. ಜೀವನವಿಡೀ ಸಮಾನತೆಯ ಮಾತಾಡಿದ್ದ ನ್ಯಾಶ್, ಇದು ರಗ್ಬಿ ಯೂನಿಯನ್‌ಗೆ ಬಿಟ್ಟ ವಿಷಯ ಎಂದು ಕೈ ಕಟ್ಟಿ ಕೂತರು. ತಂಡ ಹೋಯಿತು. ಸರಣಿ ಸೋತಿತು. ನವೆಂಬರ್‌ನಲ್ಲಿ ನ್ಯಾಶ್ ಚುನಾವಣೆಯನ್ನೂ ಸೋತರು. ಮುಂದೆ 1967ರ ಪ್ರವಾಸಕ್ಕೆ ಮಾವೋರಿಗಳು ಬರಬಾರದೆಂದು ದಕ್ಷಿಣ ಆಫ್ರಿಕಾದ ಪ್ರಧಾನಿ ವರ್ವೂರ್ಡ್ ಸಾರಿದಾಗ, ಜನಾಂಗ ನೋಡಿ ಆರಿಸಿದ ತಂಡ ನಮ್ಮ ದೇಶವನ್ನು ಪ್ರತಿನಿಧಿಸಲಾರದು ಎಂದು ದನಿಯೆತ್ತಿದ ಪ್ರಧಾನಿ ನ್ಯಾಷನಲ್ ಪಕ್ಷದ ಕೀತ್ ಹೋಲಿಯೋಕ್. ಆ ಪ್ರವಾಸ ರದ್ದಾಯಿತು. ಅಂದರೆ ಈ ವಿಷಯದಲ್ಲಿ ಧರ್ಮ ಒಂದು ಪಕ್ಷದ್ದು, ಅಧರ್ಮ ಇನ್ನೊಂದರದ್ದು ಎಂದು 1960ರ ದಶಕದಲ್ಲಿ ಯಾರೂ ಗೆರೆ ಎಳೆಯುವಂತಿರಲಿಲ್ಲ.

1970ರ ಆಲ್ ಬ್ಲ್ಯಾಕ್ಸ್ ಪ್ರವಾಸಕ್ಕೆ ದಕ್ಷಿಣ ಆಫ್ರಿಕಾ ಒಂದು ದಾರಿ ಹುಡುಕಿತು: ತಂಡದಲ್ಲಿದ್ದ ಸಿಡ್ ಗೋಯಿಂಗ್, ಬ್ರಯಾನ್ ವಿಲಿಯಮ್ಸ್ ಮುಂತಾದವರನ್ನು 'ಗೌರವ ಬಿಳಿಯರು' ಎಂದು ಒಳಗೆ ಬಿಟ್ಟುಕೊಂಡಿತು. ಈ ಪಟ್ಟವನ್ನು ಒಪ್ಪಿ ಹೋಗುವುದು ಗೌರವವೋ ಅವಮಾನವೋ ಎಂಬ ಚರ್ಚೆ ಮಾವೋರಿ ಮನೆಗಳಲ್ಲೇ ನಡೆಯಿತು. ಹಿಂದಿನ ವರ್ಷ ಹುಟ್ಟಿದ್ದ 'ಹಾರ್ಟ್' ಎಂಬ ಪ್ರವಾಸ ವಿರೋಧಿ ಸಂಘಟನೆಯ ಯುವಕರು, ಟ್ರೆವರ್ ರಿಚರ್ಡ್ಸ್ ಮುಂದಾಳುತನದಲ್ಲಿ, ಪ್ರಶ್ನೆಯನ್ನೇ ಬದಲಿಸಿದರು. ನಮ್ಮ ಮಾವೋರಿಗಳಿಗೆ ಜಾಗ ಸಿಕ್ಕಿತೇ ಎಂದು ಕೇಳಿದರೆ ಸಾಲದು, ಅವರ ಕಪ್ಪು ಜನರಿಗೆ ಅವರ ತಂಡದಲ್ಲಿ ಜಾಗವಿದೆಯೇ ಎಂದು ಕೇಳಬೇಕು ಎಂದರು.

ಈ ಪ್ರಶ್ನೆಗೆ ನೆಟ್ಟಗೆ ಉತ್ತರ ಕೊಟ್ಟ ಮೊದಲ ಪ್ರಧಾನಿ ಲೇಬರ್ ಪಕ್ಷದ ನಾರ್ಮನ್ ಕರ್ಕ್. ಬಡತನದಲ್ಲಿ ಬೆಳೆದು, ಬಾಯ್ಲರ್ ಕಾರ್ಮಿಕನಾಗಿ ದುಡಿದು, ತನ್ನ ಮನೆಯನ್ನು ತಾನೇ ಕಟ್ಟಿಕೊಂಡ ಭಾರೀ ಆಳು. 1972ರ ಚುನಾವಣೆಯಲ್ಲಿ, ಸ್ಪ್ರಿಂಗ್‌ಬಾಕ್ ಪ್ರವಾಸಕ್ಕೆ ಕೈ ಹಾಕುವುದಿಲ್ಲ ಎಂದು ಮಾತು ಕೊಟ್ಟಿದ್ದರು. ಗೆದ್ದ ಐದು ತಿಂಗಳಲ್ಲಿ, 1973ರ ಏಪ್ರಿಲ್‌ನಲ್ಲಿ, ಆ ಮಾತನ್ನು ಮುರಿದು ಪ್ರವಾಸ ನಿಲ್ಲಿಸಿದರು. ಕಾರಣಗಳಿದ್ದವು: ದೇಶ ಹಿಂದೆಂದೂ ಕಾಣದ ಹಿಂಸೆ ನಡೆಯಬಹುದೆಂದು ಪೊಲೀಸರು ಎಚ್ಚರಿಸಿದ್ದರು, 1974ರ ಆರಂಭದಲ್ಲಿ ಕ್ರೈಸ್ಟ್‌ಚರ್ಚ್‌ನಲ್ಲಿ ನಡೆಯಬೇಕಿದ್ದ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೆ ಆಫ್ರಿಕಾ ದೇಶಗಳು ಬರದೆ ಹೋಗುವ ಭಯವಿತ್ತು. ಕೂಟ ನಡೆಯಿತು, ಅಲ್ಲಿ 1500 ಮೀಟರ್ ಓಟದಲ್ಲಿ ತಾಂಜಾನಿಯಾದ ಫಿಲ್ಬರ್ಟ್ ಬಾಯಿ ಮೊದಲ ಹೆಜ್ಜೆಯಿಂದ ಕೊನೆಯ ತನಕ ಮುಂದೆಯೇ ಓಡಿ ವಿಶ್ವದಾಖಲೆ ಬರೆದರು. ಬೆನ್ನಿಗೇ ಬಂದ ನ್ಯೂಜಿಲೆಂಡಿನ ಜಾನ್ ವಾಕರ್ ಕೂಡ ಹಳೆಯ ದಾಖಲೆಗಿಂತ ವೇಗವಾಗಿ ಗುರಿ ಮುಟ್ಟಿದರು. ಇಬ್ಬರು ಎದುರಾಳಿಗಳು ಒಬ್ಬರನ್ನೊಬ್ಬರು ಎಷ್ಟೆತ್ತರಕ್ಕೆ ಏರಿಸಬಲ್ಲರು ಎಂಬುದಕ್ಕೆ ಆ ಓಟಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ.

ಕರ್ಕ್ 1974ರ ಆಗಸ್ಟ್ ಕೊನೆಗೆ, ಅಧಿಕಾರದಲ್ಲಿದ್ದಾಗಲೇ, ತೀರಿಕೊಂಡರು. ವಯಸ್ಸು ಬರೀ 51. ಉತ್ತರಾಧಿಕಾರಿ ಬಿಲ್ ರೌಲಿಂಗ್ ಸಂಭಾವಿತರು, ಮೆಲುದನಿಯವರು. 1975ರ ಚುನಾವಣೆಯಲ್ಲಿ ಎದುರಿಗೆ ನಿಂತವರು ಮುಲ್ಡೂನ್: ಕುಳ್ಳ ಗಟ್ಟಿ ಮೈ, ಲೆಕ್ಕಪತ್ರದಲ್ಲಿ ಪಳಗಿದ ತಲೆ, ಹೊಡೆದವನಿಗೆ ಎರಡು ಹೊಡೆದೇ ಸುಮ್ಮನಾಗುವ ನಾಲಿಗೆ. ಸ್ಪ್ರಿಂಗ್‌ಬಾಕ್‌ಗಳಿಗೆ ತಮ್ಮ ಸರ್ಕಾರದಲ್ಲಿ ಸ್ವಾಗತವಿದೆ ಎಂದು ಊರೂರಿನಲ್ಲಿ ಹೇಳಿದರು. ಪಿಂಚಣಿ ಯೋಜನೆಯ ವಿಷಯ ಆ ಚುನಾವಣೆಯ ಮುಖ್ಯ ಸರಕಾಗಿತ್ತು ನಿಜ. ಆದರೆ ಕರ್ಕ್ ಮುರಿದ ಮಾತು ಗ್ರಾಮಾಂತರದ ಗಂಡಸರ ಎದೆಯಲ್ಲಿ ಕುಟುಕುತ್ತಲೇ ಇತ್ತು. ಎವರೆಸ್ಟ್ ಏರಿದ ಎಡ್ಮಂಡ್ ಹಿಲರಿ ರೌಲಿಂಗ್ ಪರವಾಗಿ ಗಣ್ಯ ನಾಗರಿಕರ ಗುಂಪಿನೊಂದಿಗೆ ನಿಂತರೂ ಫಲವಾಗಲಿಲ್ಲ. 1972ರಲ್ಲಿ ಲೇಬರ್ 55, ನ್ಯಾಷನಲ್ 32 ಸ್ಥಾನ. 1975ರಲ್ಲಿ ಸಂಖ್ಯೆಗಳು ಹಾಗೆಯೇ ಉಳಿದವು, ಪಕ್ಷಗಳ ಹೆಸರು ಮಾತ್ರ ಅದಲುಬದಲಾಯಿತು.

1976ರ ಜೂನ್ 16ರಂದು ದಕ್ಷಿಣ ಆಫ್ರಿಕಾದ ಸೊವೆಟೊದಲ್ಲಿ ಶಾಲಾ ಮಕ್ಕಳ ಮೇಲೆ ಗುಂಡು ಹಾರಿತು. ಎರಡು ವಾರದೊಳಗೆ ಆಲ್ ಬ್ಲ್ಯಾಕ್ಸ್ ಅದೇ ದೇಶದಲ್ಲಿ ರಗ್ಬಿ ಆಡುತ್ತಿತ್ತು. ಇಂಥ ತಂಡದ ದೇಶವನ್ನು ಮಾಂಟ್ರಿಯಲ್ ಒಲಿಂಪಿಕ್ಸ್‌ನಿಂದ ಹೊರಗಿಡಿ ಎಂದು ಆಫ್ರಿಕಾ ಕೇಳಿತು. ರಗ್ಬಿ ಒಲಿಂಪಿಕ್ ಕ್ರೀಡೆಯೇ ಅಲ್ಲ ಎಂಬ ಉತ್ತರ ಬಂತು. ಇಪ್ಪತ್ತಕ್ಕೂ ಹೆಚ್ಚು ದೇಶಗಳು ಗಂಟುಮೂಟೆ ಕಟ್ಟಿದವು. ಜಗತ್ತು ಕಾದಿದ್ದ ವಾಕರ್–ಬಾಯಿ ಓಟ ನಡೆಯಲೇ ಇಲ್ಲ. ವಾಕರ್ ಬಾಯಿ ಇಲ್ಲದ ಓಟದಲ್ಲಿ ಚಿನ್ನ ಗೆದ್ದರು. ಹಾಕಿಯಲ್ಲಿ ನ್ಯೂಜಿಲೆಂಡ್ ಆಸ್ಟ್ರೇಲಿಯಾವನ್ನು 1–0ರಿಂದ ಮಣಿಸಿ ಚಿನ್ನ ಗೆದ್ದಿತು. ಆ ತಂಡದಲ್ಲಿ ಗುಜರಾತಿ ಮೂಲದ ರಮೇಶ್ ಪಟೇಲ್ ಇದ್ದರು. ಕೃತಕ ಹುಲ್ಲಿನ ಮೇಲೆ ತಡವರಿಸಿದ ಭಾರತ ಏಳನೆಯ ಸ್ಥಾನಕ್ಕೆ ಕುಸಿದಿತ್ತು. ಒಂದು ರಗ್ಬಿ ಪ್ರವಾಸಕ್ಕಾಗಿ ಒಂದು ಖಂಡದ ಓಟಗಾರರು, ಕುಸ್ತಿಪಟುಗಳು, ಬಾಕ್ಸರ್‌ಗಳು ನಾಲ್ಕು ವರ್ಷದ ತಯಾರಿಯನ್ನು ಬಿಟ್ಟು ವಿಮಾನ ಹತ್ತಿದರು. ಇದನ್ನು ನೆನೆದಾಗ ನನಗೆ ಇಂದೂ ಸಂಕಟವಾಗುತ್ತದೆ. ನಮ್ಮವರೂ ಇಂಥ ಬೆಲೆ ತೆತ್ತವರೇ: 1974ರಲ್ಲಿ ಡೇವಿಸ್ ಕಪ್ ಫೈನಲ್ ತಲುಪಿದ ಭಾರತ ತಂಡ ದಕ್ಷಿಣ ಆಫ್ರಿಕಾದೊಂದಿಗೆ ಆಡಲು ಒಲ್ಲೆನೆಂದು ಕಪ್ ಬಿಟ್ಟುಕೊಟ್ಟಿತು. ಅಮೃತರಾಜ್ ಸಹೋದರರಿಗೆ ಆ ಅವಕಾಶ ಮತ್ತೆ ಸುಲಭವಾಗಿ ಬರುವಂಥದ್ದಾಗಿರಲಿಲ್ಲ.

1977ರಲ್ಲಿ ಕಾಮನ್‌ವೆಲ್ತ್ ನಾಯಕರು ಸ್ಕಾಟ್ಲೆಂಡಿನ ಗ್ಲೆನ್‌ಈಗಲ್ಸ್‌ನಲ್ಲಿ ಒಂದು ಒಪ್ಪಂದಕ್ಕೆ ಬಂದರು. ದಕ್ಷಿಣ ಆಫ್ರಿಕಾದೊಂದಿಗಿನ ಕ್ರೀಡಾ ಸಂಪರ್ಕವನ್ನು ತಡೆಯಲು ಪ್ರತಿ ಸರ್ಕಾರವೂ ಸಾಧ್ಯವಾದ ಎಲ್ಲವನ್ನೂ ಮಾಡಬೇಕು, ಆದರೆ ತನ್ನ ಕಾನೂನಿಗೆ ತಕ್ಕಂತೆ. ಮುಲ್ಡೂನ್ ಒಪ್ಪಿದರು. 'ತಕ್ಕಂತೆ' ಎಂಬ ಬಿರುಕಿನಲ್ಲಿ ಅವರು ನಾಲ್ಕು ವರ್ಷ ನೆಮ್ಮದಿಯಾಗಿ ಕೂತರು. 1980ರಲ್ಲಿ ರಗ್ಬಿ ಯೂನಿಯನ್ ಮುಂದಿನ ವರ್ಷಕ್ಕೆ ಸ್ಪ್ರಿಂಗ್‌ಬಾಕ್ಸ್‌ಗೆ ಆಹ್ವಾನ ಕೊಟ್ಟಾಗ ವಿದೇಶಾಂಗ ಸಚಿವ ಬ್ರಯಾನ್ ಟಾಲ್ಬಾಯ್ಸ್ ಮರುಯೋಚಿಸಿ ಎಂದು ಪತ್ರ ಬರೆದರು. ಪ್ರಧಾನಿ 1981ರ ಜುಲೈಯಲ್ಲಿ ಟಿವಿಯಲ್ಲಿ ಕಾಣಿಸಿಕೊಂಡು, ಯೂರೋಪಿನ ಸಮಾಧಿಗಳಲ್ಲಿ ನ್ಯೂಜಿಲೆಂಡ್ ಮತ್ತು ದಕ್ಷಿಣ ಆಫ್ರಿಕಾದ ಯೋಧರು ಅಕ್ಕಪಕ್ಕ ಮಲಗಿರುವುದನ್ನು ನೆನಪಿಸಿದರು. ಬರುವುದು ಬೇಡ ಎಂದೂ ಹೇಳಿದರು, ತಡೆಯುವುದಿಲ್ಲ ಎಂದೂ ಹೇಳಿದರು. ಅವೇ ಸಮಾಧಿಗಳಲ್ಲಿ ಮಾವೋರಿ ಬೆಟಾಲಿಯನ್ನಿನ ಹುಡುಗರೂ ಮಲಗಿದ್ದರು. ಪಕ್ಕದ ಆಸ್ಟ್ರೇಲಿಯಾದಲ್ಲೂ ಬಲಪಂಥೀಯ ಸರ್ಕಾರವೇ ಇತ್ತು. ಅದರ ಪ್ರಧಾನಿ ಮಾಲ್ಕಂ ಫ್ರೇಸರ್ ಸ್ಪ್ರಿಂಗ್‌ಬಾಕ್‌ಗಳ ವಿಮಾನ ತಮ್ಮ ನೆಲದಲ್ಲಿ ಇಳಿಯುವುದಕ್ಕೂ ಬಿಡಲಿಲ್ಲ. ತಂಡ ಅಮೆರಿಕದ ಮೇಲೆ ಸುತ್ತಿ ಬಂತು. ಹಾಗಾಗಿ ಮುಲ್ಡೂನ್ ನಿಲುವು ಸಿದ್ಧಾಂತದಿಂದ ಹುಟ್ಟಿದ್ದೆಂದು ನಾನು ನಂಬುವುದಿಲ್ಲ. ಅದು ಕ್ಷೇತ್ರಗಳ ಲೆಕ್ಕದಿಂದ ಹುಟ್ಟಿತ್ತು. ನವೆಂಬರ್‌ನಲ್ಲಿ ಚುನಾವಣೆಯಿತ್ತು, ಅಲುಗಾಡುವ ಕ್ಷೇತ್ರಗಳು ಹೆಚ್ಚಾಗಿ ರಗ್ಬಿಯ ಸಣ್ಣ ಪಟ್ಟಣಗಳಲ್ಲಿದ್ದವು.

ಆಲ್ ಬ್ಲ್ಯಾಕ್ಸ್ ನಾಯಕ ಗ್ರಹಾಂ ಮೌರಿ ತಾನು ಆಡುವುದಿಲ್ಲ ಎಂದರು. ತಾರನಾಕಿಯ ರೈತ ಆತ, ದೇಶ ಕಂಡ ಅತ್ಯುತ್ತಮ ನಾಯಕರಲ್ಲೊಬ್ಬ. ತಂಡದ ಬ್ರೂಸ್ ರಾಬರ್ಟ್‌ಸನ್ ಕೂಡ ಹಿಂದೆ ಸರಿದರು. ಬೀದಿಯಲ್ಲಿ ಕೂಗುವುದು ಒಂದು. ಸ್ಪ್ರಿಂಗ್‌ಬಾಕ್ಸ್ ವಿರುದ್ಧ ತವರಿನಲ್ಲಿ ನಾಯಕನಾಗಿ ಇಳಿಯುವ ಭಾಗ್ಯವನ್ನು ಬಿಡುವುದು ಇನ್ನೊಂದು. ಆ ಚಳಿಗಾಲದ ಅತಿ ದೊಡ್ಡ ತ್ಯಾಗ ಮೌರಿಯದು ಎಂದು ನಾನು ಬಗೆಯುತ್ತೇನೆ.

ಜುಲೈ 22ರಂದು ಗಿಸ್ಬೋರ್ನ್‌ನಲ್ಲಿ ಮೊದಲ ಪಂದ್ಯ. ಮೂರು ದಿನದ ನಂತರ, ಜುಲೈ 25, ಹ್ಯಾಮಿಲ್ಟನ್. ತುಂಬಿ ತುಳುಕುತ್ತಿದ್ದ ರಗ್ಬಿ ಪಾರ್ಕ್‌ನ ಬೇಲಿಯನ್ನು ಕೆಡವಿ ಸುಮಾರು 350 ಜನ ಅಂಗಳದ ನಡುವೆ ನುಗ್ಗಿದರು. ವಿದ್ಯಾರ್ಥಿಗಳು, ಪಾದ್ರಿಗಳು, ಮಾವೋರಿ ಹೆಂಗಸರು, ಶಾಲಾ ಮೇಷ್ಟ್ರುಗಳು ತೋಳಿಗೆ ತೋಳು ಹೆಣೆದು ಗುಂಪಾಗಿ ನಿಂತರು. ಪೊಲೀಸರು ಒಬ್ಬೊಬ್ಬರನ್ನೇ ಎಳೆದು ಹಾಕತೊಡಗಿದರು. ಐವತ್ತರಷ್ಟು ಜನರನ್ನು ಹಿಡಿಯುವಷ್ಟರಲ್ಲಿ ಹೊಸ ಸುದ್ದಿ: ಪ್ಯಾಟ್ ಮ್ಯಾಕ್‌ಕ್ವಾರಿ ಎಂಬವರು ಕದ್ದ ಪುಟ್ಟ ವಿಮಾನದಲ್ಲಿ ಹೊರಟಿದ್ದಾರೆ, ಕ್ರೀಡಾಂಗಣದತ್ತ ಬರುತ್ತಿರಬಹುದು. ಪೊಲೀಸ್ ಆಯುಕ್ತ ಬಾಬ್ ವಾಲ್ಟನ್ ಪಂದ್ಯ ರದ್ದು ಎಂದರು. ಆಮೇಲಿನ ಗಳಿಗೆಗಳು ಘೋರ. ಬಿಯರ್ ಬಾಟಲಿಗಳು ಹಾರಿದವು, ಪ್ರತಿಭಟನಕಾರರನ್ನು ಊರಿನ ಬೀದಿಗಳಲ್ಲಿ ಅಟ್ಟಿಸಿಕೊಂಡು ಹೋಗಿ ಹೊಡೆದರು.

ದಕ್ಷಿಣ ಆಫ್ರಿಕಾದ ಬಿಳಿಯರು ನಸುಕಿನಲ್ಲೇ ಎದ್ದು ಟಿವಿ ಮುಂದೆ ಕೂತಿದ್ದರು, ತಮ್ಮ ತಂಡದ ಆಟ ನೇರವಾಗಿ ನೋಡಲು. ಅವರು ಕಂಡದ್ದು ಆಟವನ್ನಲ್ಲ. ತಮ್ಮಂತೆಯೇ ಬಿಳಿ ತೊಗಲಿನ, ತಮ್ಮಂತೆಯೇ ರಗ್ಬಿ ಹುಚ್ಚಿನ ಜನ ತಮ್ಮನ್ನು ಒಲ್ಲೆವೆನ್ನುವುದನ್ನು. ಸುದ್ದಿ ರಾಬೆನ್ ದ್ವೀಪದ ಸೆರೆಮನೆಗೂ ತಲುಪಿತು. ಪಂದ್ಯ ನಿಂತಿತೆಂದು ಕೇಳಿದಾಗ ತಮಗೂ ಸಂಗಡಿಗರಿಗೂ ಕತ್ತಲಲ್ಲಿ ಸೂರ್ಯ ಮೂಡಿದಂತಾಯಿತೆಂದು ನೆಲ್ಸನ್ ಮಂಡೇಲಾ ಮುಂದೊಂದು ದಿನ ನ್ಯೂಜಿಲೆಂಡಿಗೆ ಬಂದಾಗ ನೆನೆದರು.

ಹ್ಯಾಮಿಲ್ಟನ್ ಬಳಿಕ ಪೊಲೀಸರು ಇನ್ನು ಸೋಲಬಾರದೆಂದು ತೀರ್ಮಾನಿಸಿದರು. 'ರೆಡ್ ಸ್ಕ್ವಾಡ್', 'ಬ್ಲೂ ಸ್ಕ್ವಾಡ್' ಎಂಬ ಪಡೆಗಳು ಉದ್ದ ಲಾಠಿ ಹಿಡಿದು ಮುಂದೆ ಬಂದವು. ಜುಲೈ 29ರಂದು, ಲಂಡನ್ನಿನಲ್ಲಿ ಚಾರ್ಲ್ಸ್–ಡಯಾನಾ ಮದುವೆ ನಡೆದ ದಿನವೇ, ವೆಲಿಂಗ್ಟನ್ನಿನ ಸಂಸತ್ ಭವನದ ಬದಿಯ ಮೋಲ್ಸ್‌ವರ್ತ್ ಬೀದಿಯಲ್ಲಿ ಮೆರವಣಿಗೆಯ ಮುಂಚೂಣಿಗೆ ಲಾಠಿ ಬಿತ್ತು. ಶಾಂತ ದೇಶವೆಂದು ತನ್ನನ್ನು ಕರೆದುಕೊಳ್ಳುತ್ತಿದ್ದ ನಾಡಿನಲ್ಲಿ ನಡುವಯಸ್ಸಿನ ಹೆಂಗಸರು ರಕ್ತ ಒರೆಸಿಕೊಂಡು ಮನೆಗೆ ಹೋದರು. ಆಮೇಲೆ ಮೆರವಣಿಗೆಗೆ ಬರುವವರು ಬೈಕ್ ಹೆಲ್ಮೆಟ್ ಹಾಕಿಕೊಂಡು ಬರತೊಡಗಿದರು. ಕ್ರೀಡಾಂಗಣಗಳ ಸುತ್ತ ಮುಳ್ಳುತಂತಿ ಬಂತು. ತಿಮಾರು ಪಟ್ಟಣದ ಪಂದ್ಯವನ್ನು ಕೈಬಿಡಬೇಕಾಯಿತು. ಒಟ್ಟಾರೆ 28 ಊರುಗಳಲ್ಲಿ ಇನ್ನೂರಕ್ಕೂ ಹೆಚ್ಚು ಪ್ರತಿಭಟನೆ, ಒಂದೂವರೆ ಲಕ್ಷಕ್ಕೂ ಹೆಚ್ಚು ಜನ, 1500ರಷ್ಟು ಮಂದಿಯ ಮೇಲೆ ಮೊಕದ್ದಮೆ.

ಮೆರವಣಿಗೆಯ ಒಳಗೂ ಒಂದು ಕಹಿ ಪ್ರಶ್ನೆ ಎದ್ದಿತು. ಮೂರು ವರ್ಷದ ಹಿಂದೆ, 1978ರ ಮೇ ತಿಂಗಳಲ್ಲಿ, ಆಕ್ಲೆಂಡಿನ ಬಾಸ್ಟಿಯನ್ ಪಾಯಿಂಟ್‌ನಲ್ಲಿ ತಮ್ಮ ಪೂರ್ವಿಕರ ನೆಲಕ್ಕಾಗಿ 506 ದಿನ ಕೂತಿದ್ದ ಮಾವೋರಿಗಳನ್ನು ಇದೇ ಮುಲ್ಡೂನ್ ಸರ್ಕಾರ ಪೊಲೀಸರನ್ನು, ಸೈನ್ಯದ ವಾಹನಗಳನ್ನು ಕಳಿಸಿ ಎಬ್ಬಿಸಿತ್ತು. 222 ಜನರ ಬಂಧನವಾಗಿತ್ತು. ಆಗ ನೀವೆಲ್ಲ ಎಲ್ಲಿದ್ದಿರಿ ಎಂದು ಮಾವೋರಿ ಹೋರಾಟಗಾರರು ಬಿಳಿಯ ಸಂಗಾತಿಗಳನ್ನು ಕೇಳಿದರು. ಸಾವಿರಾರು ಮೈಲಿ ದೂರದ ಅನ್ಯಾಯ ಕಾಣುವ ಕಣ್ಣಿಗೆ ಹಿತ್ತಲಿನದು ಕಾಣಲಿಲ್ಲವೇ? ಮೆರಾಟಾ ಮೀಟಾ ಅವರ 'ಪಾಟು!' ಸಾಕ್ಷ್ಯಚಿತ್ರ ಆ ದಿನಗಳನ್ನು ಈ ಮಾವೋರಿ ಕಣ್ಣಿನಿಂದಲೇ ಹಿಡಿದಿಟ್ಟಿದೆ. ಮುಂದಿನ ದಶಕಗಳಲ್ಲಿ ಮಾವೋರಿ ಭೂಮಿ, ಭಾಷೆ, ಬ್ರಿಟಿಷರೊಂದಿಗೆ ಮಾಡಿಕೊಂಡಿದ್ದ ಒಪ್ಪಂದದ ಹಕ್ಕುಗಳ ಬಗ್ಗೆ ದೇಶ ತೆರೆದ ಲೆಕ್ಕಗಳಿಗೆ ಈ ಪ್ರಶ್ನೆಯೂ ಒಂದು ಕಾರಣ.

ಅಂಗಳದೊಳಗೆ ರಗ್ಬಿ ಅದ್ಭುತವಾಗಿತ್ತು ಎಂಬುದನ್ನು ಬಿಡುವಂತಿಲ್ಲ. ಕ್ರೈಸ್ಟ್‌ಚರ್ಚ್‌ನಲ್ಲಿ ಆಲ್ ಬ್ಲ್ಯಾಕ್ಸ್ 14–9, ವೆಲಿಂಗ್ಟನ್ನಿನಲ್ಲಿ ಸ್ಪ್ರಿಂಗ್‌ಬಾಕ್ಸ್ 24–12. ನಿರ್ಣಾಯಕ ಟೆಸ್ಟ್ ಸೆಪ್ಟೆಂಬರ್ 12ರಂದು ಈಡನ್ ಪಾರ್ಕ್‌ನಲ್ಲಿ. ಹೊರಗೆ ಬೀದಿ ಕಾಳಗ. ಮೇಲೆ ಪ್ರತಿಭಟನಕಾರ ಮಾರ್ಕ್ಸ್ ಜೋನ್ಸ್ ನಡೆಸುತ್ತಿದ್ದ ಸೆಸ್ನಾ ವಿಮಾನ ಗೋಲುಕಂಬಗಳ ಎತ್ತರಕ್ಕೆ ಇಳಿದಿಳಿದು ಹಾರುತ್ತ ಹಿಟ್ಟಿನ ಪೊಟ್ಟಣಗಳನ್ನು ಸುರಿಯುತ್ತಿತ್ತು. ಒಂದು ಪೊಟ್ಟಣ ಬಡಿದು ಆಲ್ ಬ್ಲ್ಯಾಕ್ಸ್‌ನ ಗ್ಯಾರಿ ನೈಟ್ ನೆಲಕ್ಕುರುಳಿದರು. ಆಟ ನಿಲ್ಲಲಿಲ್ಲ. ಕೊನೆಯ ನಿಮಿಷಗಳಲ್ಲಿ ಸ್ಪ್ರಿಂಗ್‌ಬಾಕ್ಸ್‌ನ ರೇ ಮೋರ್ಟ್ ತಮ್ಮ ಮೂರನೆಯ ಟ್ರೈ ಗಳಿಸಿ 22–22 ಮಾಡಿದರು. ಅವರನ್ನು ಗೆಲ್ಲಿಸಬಹುದಾಗಿದ್ದ ನಾಸ್ ಬೋತಾ ಒದೆತ ಗುರಿ ತಪ್ಪಿತು. ಸಮಯ ಮೀರಿದ ಮೇಲೆ ಸಿಕ್ಕ ಪೆನಾಲ್ಟಿಯನ್ನು ಆಲ್ ಬ್ಲ್ಯಾಕ್ಸ್‌ನ ಅಲನ್ ಹ್ಯೂಸನ್ ಒದ್ದು ಒಳಗೆ ಹಾಕಿದರು. 25–22. ಅರುವತ್ತು ವರ್ಷದ ಹಗೆ ಕಂಡ ಅತಿ ರೋಚಕ ಮುಕ್ತಾಯ ಅದು. ಕಾಮನ್‌ವೆಲ್ತ್ ಹಣಕಾಸು ಸಚಿವರು ಆ ತಿಂಗಳು ಆಕ್ಲೆಂಡಿನಲ್ಲಿ ಸೇರಬೇಕಿತ್ತು. ಸಭೆಯನ್ನು ಬಹಾಮಾಸ್‌ಗೆ ಒಯ್ದಿದ್ದರು.

ಇನ್ನು ಆ ನವೆಂಬರ್ ಶನಿವಾರಕ್ಕೆ ಬರೋಣ. ಲೇಬರ್‌ಗೆ ನ್ಯಾಷನಲ್‌ಗಿಂತ ನಾಲ್ಕು ಸಾವಿರದಷ್ಟು ಹೆಚ್ಚು ಮತ ಬಿದ್ದಿತ್ತು. ಆದರೆ ಸ್ಥಾನಗಳು: ನ್ಯಾಷನಲ್ 47, ಲೇಬರ್ 43, ಸೋಷಿಯಲ್ ಕ್ರೆಡಿಟ್ 2. ತೊಂಬತ್ತೆರಡರಲ್ಲಿ 47, ಅರ್ಧಕ್ಕಿಂತ ಒಂದೇ ಒಂದು ಹೆಚ್ಚು. ಪ್ರವಾಸವನ್ನು ವಿರೋಧಿಸಿದ ನಗರಗಳಲ್ಲಿ ಲೇಬರ್ ಮತಗಳು ರಾಶಿಯಾಗಿ ಬಿದ್ದು ಹೆಚ್ಚುವರಿಯಾದವು. ಬೇಕಾದ ಸಣ್ಣ ಪಟ್ಟಣಗಳಲ್ಲಿ ಸ್ವಲ್ಪದರಲ್ಲಿ ತಪ್ಪಿದವು. ಮೊದಲ ಪಂದ್ಯ ನಡೆದ ಗಿಸ್ಬೋರ್ನ್ ಅಂಥ ಒಂದು ಕ್ಷೇತ್ರ. ನಿರುದ್ಯೋಗವಿತ್ತು, ಬೆಲೆಯೇರಿಕೆಯಿತ್ತು, ತೈಲ–ಅನಿಲದ ಭಾರೀ ಯೋಜನೆಗಳ ಭರವಸೆಯಿತ್ತು. ಎಲ್ಲವೂ ಮತವನ್ನು ಎಳೆದಾಡಿದವು. ಆದರೂ ಒಂದೇ ಸ್ಥಾನದ ಅಂತರವಿದ್ದಾಗ ರಗ್ಬಿ ತೂಕ ಹಾಕದೆ ಇರಲಿಲ್ಲ ಎಂದೇ ನನ್ನ ಎಣಿಕೆ.

ಆ ಒಂದು ಸ್ಥಾನವೇ ಕೊನೆಗೆ ಮುಲ್ಡೂನ್‌ಗೆ ಮುಳುವಾಯಿತು. ಉಸಿರಾಡಲೂ ಜಾಗವಿಲ್ಲದ ಬಹುಮತದಲ್ಲಿ ಪ್ರತಿಯೊಬ್ಬ ಸದಸ್ಯನೂ ಸರ್ಕಾರದ ಕತ್ತು ಹಿಡಿಯಬಲ್ಲವನಾಗಿದ್ದ. 1984ರ ಜೂನ್‌ನಲ್ಲಿ ಪರಮಾಣು ಹಡಗುಗಳ ವಿಷಯದಲ್ಲಿ ಅವರದೇ ಪಕ್ಷದ ಯುವ ಸದಸ್ಯೆ ಮೆರಿಲಿನ್ ವೇರಿಂಗ್ ತಿರುಗಿ ಬಿದ್ದರು. ಅಂದು ರಾತ್ರಿ ಕುಡಿದ ಅಮಲಿನಲ್ಲೇ ಪತ್ರಕರ್ತರ ಮುಂದೆ ಬಂದ ಪ್ರಧಾನಿ ಅವಧಿಗೆ ಮುನ್ನ ಚುನಾವಣೆ ಸಾರಿದರು. ಜುಲೈ 14ರಂದು ಡೇವಿಡ್ ಲಾಂಗಿ ನೇತೃತ್ವದ ಲೇಬರ್ 95ರಲ್ಲಿ 56 ಸ್ಥಾನ ಗೆದ್ದಿತು. ಮುಲ್ಡೂನ್ 1982ರಲ್ಲಿ ಖರ್ಚಿನ ನೆಪ ಹೇಳಿ ದೆಹಲಿಯ ಹೈಕಮಿಷನ್ ಮುಚ್ಚಿಸಿದ್ದರು. ಲಾಂಗಿ ಅದನ್ನು ತೆರೆಸಿ 1985ರಲ್ಲಿ ಕಳಿಸಿದ ರಾಯಭಾರಿ ಎಡ್ಮಂಡ್ ಹಿಲರಿ.

ಅದೇ 1985ರಲ್ಲಿ ರಗ್ಬಿ ಯೂನಿಯನ್ ಮತ್ತೆ ದಕ್ಷಿಣ ಆಫ್ರಿಕಾಕ್ಕೆ ತಂಡ ಕಳಿಸಲು ಹೊರಟಿತು. ಸರ್ಕಾರ ಬೇಡಿಕೊಂಡಿತು, ಯೂನಿಯನ್ ಜಗ್ಗಲಿಲ್ಲ. ತಡೆದವರು ಇಬ್ಬರು ವಕೀಲರು, ತಮ್ಮ ತಮ್ಮ ರಗ್ಬಿ ಕ್ಲಬ್ಬಿನ ಸದಸ್ಯರು. ಯೂನಿಯನ್‌ನ ಸ್ವಂತ ನಿಯಮಾವಳಿ ರಗ್ಬಿಯನ್ನು ಬೆಳೆಸಿ ಪೋಷಿಸಬೇಕೆಂದು ಹೇಳುತ್ತದೆ. ಈ ಪ್ರವಾಸ ಆಟಕ್ಕೇ ಕೇಡು ಎಂದು ಅವರು ಹೈಕೋರ್ಟಿಗೆ ಹೋದರು. ನ್ಯಾಯಮೂರ್ತಿ ಕೇಸಿ ತಾತ್ಕಾಲಿಕ ತಡೆಯಾಜ್ಞೆ ಕೊಟ್ಟರು. ಪಕ್ಷಗಳು ಅರುವತ್ತು ವರ್ಷ ಆಚೀಚೆ ಎಸೆದಾಡಿದ ಚೆಂಡನ್ನು ಸಂಘದ ಇಬ್ಬರು ಸಾಮಾನ್ಯ ಸದಸ್ಯರು ಹಿಡಿದರು. ಆ ಪ್ರವಾಸಕ್ಕೆ ಆಯ್ಕೆಯಾಗಿದ್ದ 30 ಆಟಗಾರರಲ್ಲಿ 28 ಜನ ಮರುವರ್ಷ 'ಕ್ಯಾವಲಿಯರ್ಸ್' ಎಂಬ ಹೆಸರಿನಲ್ಲಿ ಕದ್ದುಮುಚ್ಚಿ ಹೋಗಿಯೇ ಹೋದರು. ಒಲ್ಲೆನೆಂದವರು ಡೇವಿಡ್ ಕರ್ಕ್ ಮತ್ತು ಜಾನ್ ಕರ್ವನ್. 1987ರಲ್ಲಿ ಮೊಟ್ಟಮೊದಲ ವಿಶ್ವಕಪ್ ಎತ್ತಿದ ನಾಯಕ ಇದೇ ಡೇವಿಡ್ ಕರ್ಕ್. ಸ್ಪ್ರಿಂಗ್‌ಬಾಕ್ಸ್ ಆ ಕಪ್‌ನಲ್ಲಿ ಇರಲಿಲ್ಲ. ಅವರು ಬಂದದ್ದು 1995ಕ್ಕೆ, ತಮ್ಮದೇ ನೆಲದಲ್ಲಿ, ಅಧ್ಯಕ್ಷ ಮಂಡೇಲಾ ಹಸಿರು ಅಂಗಿ ತೊಟ್ಟು ನಿಂತಿದ್ದಾಗ. ಅಂದು ಫೈನಲ್‌ನಲ್ಲಿ ಹೆಚ್ಚುವರಿ ಸಮಯದಲ್ಲಿ 15–12ರಿಂದ ಸೋತವರು ಆಲ್ ಬ್ಲ್ಯಾಕ್ಸ್.

1981ರ ಚುನಾವಣೆಯಲ್ಲಿ ಮೊದಲ ಬಾರಿ ಸಂಸತ್ತಿಗೆ ಬಂದವರಲ್ಲಿ ಲೇಬರ್‌ನ ಹೆಲೆನ್ ಕ್ಲಾರ್ಕ್ ಒಬ್ಬರು. 2008ರಲ್ಲಿ ಪ್ರಧಾನಿಯಾಗಿ ಅವರು ಎದುರಿಸಿದ ನ್ಯಾಷನಲ್ ನಾಯಕ ಜಾನ್ ಕೀ. 1981ರ ಪ್ರವಾಸದ ಕಾಲಕ್ಕೆ ಕೀಗೆ ಇಪ್ಪತ್ತರ ಆಸುಪಾಸು. ಆಗ ನೀವು ಯಾವ ಕಡೆ ಎಂಬ ಪ್ರಶ್ನೆ ಬಂದಾಗ ಕೀ ನೆನಪಿಲ್ಲ ಎಂದರು. ಆ ಚಳಿಗಾಲವನ್ನು ಕಂಡವರಿಗೆ ನಂಬಲಾಗಲಿಲ್ಲ. ಚುನಾವಣೆಯನ್ನು ಗೆದ್ದವರು ಕೀ. ಅವರ ಅವಧಿಯಲ್ಲೇ, 2010ರಲ್ಲಿ, ನ್ಯೂಜಿಲೆಂಡ್ ರಗ್ಬಿ ಯೂನಿಯನ್ ಮತ್ತು ದಕ್ಷಿಣ ಆಫ್ರಿಕಾದ ರಗ್ಬಿ ಯೂನಿಯನ್ ಎರಡೂ, ತಂಡದಿಂದ ಹೊರಗಿಟ್ಟ ಮಾವೋರಿ ಆಟಗಾರರ ಕ್ಷಮೆ ಕೇಳಿದವು. 1928ರಲ್ಲಿ ಮನೆಯಲ್ಲಿ ಉಳಿದ ಜಾರ್ಜ್ ನೇಪಿಯಾ ತೀರಿಕೊಂಡು ಅಷ್ಟೊತ್ತಿಗೆ ಹತ್ತಿರ ಹತ್ತಿರ ಇಪ್ಪತ್ತನಾಲ್ಕು ವರ್ಷವಾಗಿತ್ತು.